ಇಂಟರ್‌ಲಾಕ್ ಗೋಡೆ ಮೂಲೆ ಬಾಯಿ ಬಿಟ್ಟಿದೆ, ಭೂಕಂಪ ಆದ್ರೆ ಗತಿ?

ತೋಟದಮನೆ: ಫೋಟೋ ಹಾಕಿದ್ದೇನೆ. ಗಾರೆ ಇಲ್ಲದೆ, ಒಂದು ಕಲ್ಲಿನ ಉಬ್ಬು ಇನ್ನೊಂದರ ತಗ್ಗಿಗೆ ಕೂರಿಸಿ ಕಟ್ಟುವ ಇಂಟರ್‌ಲಾಕ್ ಕಲ್ಲು. ನಾಲ್ಕನೇ ಸಾಲಿಂದ ಮೇಲೆ ಮೂಲೆ ಬಿಟ್ಟಿದೆ, 5 ರೂಪಾಯಿ ನಾಣ್ಯ ಸಲೀಸಾಗಿ ಒಳಗೆ ಹೋಗ್ತದೆ. ಮೇಸ್ತ್ರಿ ‘ಪ್ಲಾಸ್ಟರ್ ಆದ್ಮೇಲೆ ಕಾಣ್ಲಿಕ್ಕಿಲ್ಲ’ ಅಂತಾನೆ. ಕಾಣದಿದ್ರೆ ಸಾಕಾ ಮಾರಾಯ್ರೆ? ನಮ್ಮದು ಸುಳ್ಯ. 2022ರ ಜೂನ್‌ನಲ್ಲಿ ಸಂಪಾಜೆ, ಚೆಂಬು ಕಡೆ ಭೂಮಿ ನಡುಗಿದ್ದು ಮರೆತಿಲ್ಲ.

ಕೆಂಪುಕಲ್ಲು: ಪಂಚಾಂಗ, ಅಂದ್ರೆ ಅಡಿಪಾಯ, ಕೆಳಗೆ ಕೂತಿದೆ. ಮತ್ತೇನಲ್ಲ. ಅಗೆದು ನೋಡಿ.

ನೀರುಮಟ್ಟ: ಅಗೆಯೋ ಮುಂಚೆ ಅಳತೆ ಹೇಳಿ ಸಾರ್. ತೂತಿನ ಕಲ್ಲಾ, ಗಟ್ಟಿ ಕಲ್ಲಾ?

ತೋಟದಮನೆ: ಎಲ್ಲರೂ ಹಾಕುವ 12×8×6 ಇಂಚು. ತೂತಿಲ್ಲ. ಅದನ್ನೂ ಹೇಳ್ಬೇಕಾ?

ನೀರುಮಟ್ಟ: ಹೇಳ್ಬೇಕು, ತಪ್ಪು ಅಲ್ಲೇ ಇದೆ. ಕಲ್ಲಿನ ಉದ್ದ 12, ಗೋಡೆ ದಪ್ಪ 6 ಆಗಿದ್ರೆ ಮೂಲೆಯಲ್ಲಿ ಸಂದು ಸರಿಯಾಗಿ ಅರ್ಧ ಕಲ್ಲು ಸರಿಯುತ್ತೆ, ಉಬ್ಬು ತಗ್ಗಿಗೆ ಕೂತು ಲಾಕ್ ಆಗುತ್ತೆ. ದಪ್ಪ 8 ಅಂದ್ರೆ ಸರಿಯೋದು 4 ಇಂಚು, ಲಾಕ್ ಕೂರಲ್ಲ. ಆಗ ಸುತ್ತಿಗೆಯಲ್ಲಿ ಉಬ್ಬು ಒಡೆದು ಕೂರಿಸ್ತಾರೆ. ಎರಡನೇ ಫೋಟೋದಲ್ಲಿ ಗೋಡೆ ಬುಡದಲ್ಲಿ ಕೆಂಪು ಚೂರು ಬಿದ್ದಿದೆಯಲ್ಲ, ಅವೇ. ಗಾರೆ ಇಲ್ಲ, ಲಾಕೂ ಇಲ್ಲ. ನೆಲ ಅಲ್ಲಾಡಿದಾಗ ಎರಡು ಗೋಡೆ ಎರಡು ಕಡೆ ಎಳೆದ್ರೆ ಮೊದಲು ಬಿಡೋದೇ ಮೂಲೆ.

ಕೆಂಪುಕಲ್ಲು: ಪಂಚಾಂಗ ನೋಡಿದ್ರಾ? ಕೆಂಪು ಕಲ್ಲಲ್ಲಿ ಕಟ್ಟಿದ್ರೆ ಈ ರಗಳೆಯೇ ಇಲ್ಲ.

ಬ್ಲಾಕ್‌ಮೆಷಿನ್: 1993ರ ಭೂಕಂಪದಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಬಿದ್ದದ್ದೂ ಕಲ್ಲಿನ ಗೋಡೆಯೇ ಅಣ್ಣ. ನನ್ನದು ಇಂಟರ್‌ಲಾಕ್ ಕಲ್ಲು ಒತ್ತುವ ಹೈಡ್ರಾಲಿಕ್ ಮೆಷಿನ್, 8% ಸಿಮೆಂಟ್, 21 ದಿನ ನೀರು. ಮೂಲೆಗೇ ಬೇರೆ ಅಚ್ಚು ಮಾಡ್ಸಿದ್ದೇನೆ. ವಿಡಿಯೋ ಬೇಕಾ?

ಕೆಂಪುಕಲ್ಲು: ಅದು ಮಣ್ಣಲ್ಲಿ ಕಟ್ಟಿದ ಕಾಡುಕಲ್ಲು. ನಮ್ಮದಕ್ಕೆ ಹೋಲಿಸ್ಬೇಡಿ.

ತೋಟದಮನೆ: ವಿಡಿಯೋ ಆಮೇಲೆ. ನನ್ನ ಮೂಲೆಗೆ ಏನು ಮಾಡುದು?

ನೀರುಮಟ್ಟ: ತೂತಿನ ಕಲ್ಲಾಗಿದ್ರೆ ಕೆಳಗಿಂದಲೇ ಮೂಲೆ ತೂತಲ್ಲಿ ಕಂಬಿ ಎಬ್ಬಿಸಿ ಕಾಂಕ್ರೀಟ್ ತುಂಬಬಹುದಿತ್ತು. ಈಗ ಮೂಲೆ ಬಿಚ್ಚಿ. ಎರಡೂ ಗೋಡೆಯ ಕೊನೆ ಹಲ್ಲುಹಲ್ಲಾಗಿ ಬಿಡಿ, ನಡುವೆ 4 ಕಂಬಿ ನಿಲ್ಲಿಸಿ, ರಿಂಗ್ ಹಾಕಿ ಕಾಂಕ್ರೀಟ್ ಸುರೀರಿ. ಹಲ್ಲಿಗೆ ಕಾಂಕ್ರೀಟ್ ಕಚ್ಚಬೇಕು, ಗೋಡೆ ಮೊದಲು, ಪಿಲ್ಲರ್ ಆಮೇಲೆ. ಕಂಬಿ ಮೇಲೆ ಲಿಂಟಲ್ ಬೆಲ್ಟಿಗೆ (ಬಾಗಿಲು, ಕಿಟಕಿ ಮೇಲೆ ಸುತ್ತಲೂ ಹೋಗುವ ಕಾಂಕ್ರೀಟ್ ಪಟ್ಟಿ), ಕೆಳಗೆ ಪ್ಲಿಂತ್ ಬೆಲ್ಟಿಗೆ (ಪಂಚಾಂಗದ ಮೇಲೆ, ಗೋಡೆ ಬುಡದ ಪಟ್ಟಿ) ಸೇರಬೇಕು. ಬೆಲ್ಟಿನ ಕಂಬಿ ಮೂಲೆಯಲ್ಲೇ ಕಡಿಯಬೇಡಿ, ಬಗ್ಗಿಸಿ ಪಕ್ಕದ ಗೋಡೆಗೆ ಒಯ್ಯಿರಿ. ಪ್ಲಿಂತ್ ಬೆಲ್ಟ್ ಇದೆ ತಾನೇ?

ತೋಟದಮನೆ: ಇಲ್ಲ. ಗಟ್ಟಿ ಜಾಗ, ಬೇಡ ಅಂದ ಮೇಸ್ತ್ರಿ.

ಕೆಂಪುಕಲ್ಲು: ನಾನು ಮೊದಲೇ ಹೇಳಿದೆ, ಪಂಚಾಂಗ!

ನೀರುಮಟ್ಟ: ಪಂಚಾಂಗ ಕೂತಿದ್ದು ಬೇರೆ, ಬೆಲ್ಟೇ ಹಾಕದಿದ್ದು ಬೇರೆ ಸಾರ್.

ಕೆಂಪುಕಲ್ಲು: ಎರಡೂ ಕೆಳಗೇ ಅಲ್ವಾ?

ತೋಟದಮನೆ: ಮಳೆ ಬಿಟ್ರೆ ನಾಳೆ ನೀರು ತುಂಬಿದ ಟ್ಯೂಬ್ ಹಿಡಿದು ಮಟ್ಟ ನೋಡ್ತೇನೆ. ಮೇಸ್ತ್ರಿ ಫೋನ್ ಎತ್ತುದಿಲ್ಲ.