ಶಿರಸಿಯವರಿಗೆ ಡ್ರೋನ್ ಪೈಲಟ್ ಕೋರ್ಸ್ ಉಪಯೋಗ ಆಗುತ್ತಾ?

ತೋಟದಮನೆ: ಶಿರಸಿ ಹತ್ತಿರ ಅಡಿಕೆ ತೋಟ ಇದೆ, ಪಿಯುಸಿ ಆಗಿದೆ. ಮಳೆಗಾಲಕ್ಕೆ ಮುಂಚೆ ಕೊಳೆ ರೋಗಕ್ಕೆ ಬೋರ್ಡೋ ಮದ್ದು ಹೊಡೆಯಲು ಮರ ಹತ್ತುವ ಕೊನೆಗೌಡರು ಸಿಗುತ್ತಿಲ್ಲ, ಹಾಗಾಗಿ ಡ್ರೋನ್ ಕಲಿತು ಊರವರ ತೋಟಕ್ಕೂ ಬಾಡಿಗೆಗೆ ಹೊಡೆದುಕೊಡೋಣ ಅಂತ ಯೋಚನೆ. ಲೈಸೆನ್ಸ್ ಬೇಕೇ ಬೇಕಾ? ಪಾಸ್‌ಪೋರ್ಟ್ ಇಲ್ಲ.

ಕಾರವಾರದವ: ಬೇಕೇ ಬೇಕು. ಬಾಡಿಗೆಗೆ ಹಾರಿಸುವುದಾದರೆ 250 ಗ್ರಾಂ ಮೀರಿದ ಡ್ರೋನ್‌ಗೆ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಕಡ್ಡಾಯ. ವಯಸ್ಸು 18ರಿಂದ 65, ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಸಾಕು. 2023ರ ತಿದ್ದುಪಡಿ ಆದಮೇಲೆ ಪಾಸ್‌ಪೋರ್ಟ್ ಬೇಕಿಲ್ಲ, ವೋಟರ್ ಐಡಿ ನಡೆಯುತ್ತದೆ. ಡಿಜಿಸಿಎ (ಕೇಂದ್ರದ ವಿಮಾನಯಾನ ನಿಯಂತ್ರಣ ಸಂಸ್ಥೆ) ಅನುಮತಿ ಇರುವ ಶಾಲೆಗೇ ಸೇರಿ, ಸುಮ್ನೆ ಯಾರೋ ಕೊಡುವ ಕಾಗದಕ್ಕೆ ದುಡ್ಡು ಸುರಿಯಬೇಡಿ. ಮದ್ದು ಹೊಡೆಯುವ ಡ್ರೋನ್ ಹೆಚ್ಚಾಗಿ 2ರಿಂದ 25 ಕೆಜಿಯ ಸ್ಮಾಲ್ ವರ್ಗಕ್ಕೆ ಬರುತ್ತದೆ, ಆ ವರ್ಗದ ತರಬೇತಿಯನ್ನೇ ಕೇಳಿ. ನಮ್ಮ ಕಡೆ ನೌಕಾನೆಲೆ, ಕೈಗಾ ಅಣು ಸ್ಥಾವರ ಎರಡೂ ಇವೆ, ಆದ್ದರಿಂದ ಇಲ್ಲಿ ಮದುವೆ ವಿಡಿಯೋಗೂ ಮೊದಲು ಮ್ಯಾಪ್‌ನಲ್ಲಿ ರೆಡ್ ಝೋನ್ (ಸರ್ಕಾರದ ಅನುಮತಿ ಇಲ್ಲದೆ ಹಾರಿಸಬಾರದ ಜಾಗ) ನೋಡಲೇಬೇಕು.

ಬನವಾಸಿ_ಗದ್ದೆ: ಕಲಿಯಿರಿ, ಆದರೆ ಅಡಿಕೆ ಒಂದನ್ನೇ ನಂಬಬೇಡಿ. ಗೊನೆ ಇರುವುದು ಸೋಗೆಯ (ಅಡಿಕೆ ಗರಿಯ) ಕೆಳಗೆ, ಅಲ್ವಾ? ಮೇಲಿಂದ ಹೊಡೆದ ಬೋರ್ಡೋ ಸೋಗೆ ಮೇಲೇ ಜಾಸ್ತಿ ನಿಲ್ಲುತ್ತದೆ, ಕಾಯಿಯ ಸುತ್ತ ಸರಿಯಾಗಿ ಹಿಡಿಯದಿದ್ದರೆ ಕೊಳೆ ತಪ್ಪಲ್ಲ. ಕಾರ್ಬನ್ ಫೈಬರ್ ದೋಟಿಯಲ್ಲಿ (ಉದ್ದನೆಯ ಕೋಲಿನಲ್ಲಿ) ನೆಲದಿಂದಲೇ ಗೊನೆಗೆ ಗುರಿಯಿಟ್ಟು ಹೊಡೆಯಬಹುದು. ಡ್ರೋನ್‌ಗೆ ಬನವಾಸಿ, ಮುಂಡಗೋಡ ಕಡೆಯ ಭತ್ತ, ಗೋವಿನಜೋಳವೇ ಸರಿ.

ತೋಟದಮನೆ: ಸೋಗೆ ವಿಷಯ ತಲೆಗೇ ಬಂದಿರಲಿಲ್ಲ, ಥ್ಯಾಂಕ್ಸ್. ಮುಂಡಗೋಡದಲ್ಲಿ ಮಾವನ ಗದ್ದೆ ಇದೆ, ಅಲ್ಲಿ ಸುತ್ತಮುತ್ತ ವಿಚಾರಿಸಿಯೇ ಫೀಸು ಕಟ್ಟುತ್ತೇನೆ.