ನೈಟ್ರೇಟ್ 45ರ ಒಳಗಿದ್ದರೆ ಅಂತರ್ಜಲದ ಜೀವಿಗಳಿಗೂ ಪರವಾಗಿಲ್ವಾ?

ತೊಗರಿಹೊಲ:
ನಮ್ಮದು ಸೇಡಂ ಕಡೆ. ನೆಲದಡಿ ಎಲ್ಲಾ ಸುಣ್ಣಕಲ್ಲು. ಬೋರ್ ನೀರು ಟೆಸ್ಟ್ ಮಾಡಿಸಿದೆ, ನೈಟ್ರೇಟ್ ಲೀಟರಿಗೆ 38 ಮಿಲಿಗ್ರಾಂ ಬಂತು. ಮಿತಿ 45, ಕುಡಿಯಬಹುದು ಅಂದರು. ಸರಿ, ಆದರೆ ಸುಣ್ಣಕಲ್ಲಿನ ಬಿರುಕಿನ ನೀರಲ್ಲಿ ಕಣ್ಣಿಲ್ಲದ ಸಿಗಡಿಯಂಥ ಪುಟ್ಟ ಜೀವಿಗಳು ಬದುಕುತ್ತವೆ ಅಂತ ಓದಿದ್ದೆ. ಅವುಗಳಿಗೂ ಇದೇ 45 ನಡೆಯುತ್ತಾ?

ಲ್ಯಾಬ್‌ರಾಯ:
ಆ 45 ಇಟ್ಟಿದ್ದೇ ಮನುಷ್ಯರಿಗೆ ರೀ. ಎಳೆಕೂಸಿನ ರಕ್ತ ಆಮ್ಲಜನಕ ಒಯ್ಯಲಾರದೆ ಮೈ ನೀಲಿಗಟ್ಟಬಾರದು ಅನ್ನೋದು ಅದರ ಲೆಕ್ಕ. ಯುರೋಪಿಯನ್ ಒಕ್ಕೂಟದಲ್ಲಿ ಮಿತಿ 50. ಅಲ್ಲಿಯೂ ಅಂತರ್ಜಲದ ರಸಾಯನ ಮತ್ತು ಪ್ರಮಾಣ ನೋಡಿ ಷರಾ ಬರೀತಾರೆ, ಒಳಗೆ ಏನು ಬದುಕಿದೆ ಅಂತ ನೋಡಲ್ಲ. ಸ್ವಿಟ್ಜರ್ಲೆಂಡೇ ಮೇಲು. ಅಂತರ್ಜಲದ ಜೀವಿಗಳು ಸಹಜವಾಗಿ ಬದುಕುವಂತಿರಬೇಕು ಅಂತ 1998ರ ನಿಯಮದಲ್ಲೇ ಬರೆದಿದ್ದಾರೆ, ಕುಡಿಯಲು ಬಳಸುವ ಅಂತರ್ಜಲಕ್ಕೆ ಮಿತಿ 25.

2005ರಲ್ಲಿ ಸ್ಪೇನಿನ ಸಂಶೋಧಕರು ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟಿಗೆ ನೋಡಿ, ನೈಟ್ರೇಟ್ ಬೇಗ ತಾಗುವ ಸಿಹಿನೀರಿನ ಪ್ರಾಣಿಗಳಿಗೆ ಲೀಟರಿಗೆ 2 ಮಿಲಿಗ್ರಾಂ ದಾಟಬಾರದು ಅಂದರು. ಹುಷಾರು, ಅದು ನೈಟ್ರೇಟಿನೊಳಗಿನ ನೈಟ್ರೋಜನ್ ಮಾತ್ರ ತೂಗಿದ ಲೆಕ್ಕ. ನಿಮ್ಮ ರಿಪೋರ್ಟಿನ ಲೆಕ್ಕದಲ್ಲಿ ಸುಮಾರು 9.

ತೊಗರಿಹೊಲ:
ಹಾಗಾದ್ರೆ 9 ಅಂತ ಇಟ್ಟುಕೊಂಡರೆ ಮುಗೀತಲ್ವಾ?

ಪರ್ತ್‌ನವ:
ಮುಗಿಯಲ್ಲ ಗುರು. ಅದು ಹೊಳೆ, ಕೆರೆಯ ಪ್ರಾಣಿಗಳಿಂದ ಬಂದ ಸಂಖ್ಯೆ. ಕತ್ತಲಲ್ಲಿ ಬದುಕುವವು ನಿಧಾನವಾಗಿ ಬೆಳೆಯುತ್ತವೆ, ಮೊಟ್ಟೆ ಇಡೋದೂ ಕಮ್ಮಿ. ಲ್ಯಾಬಿನಲ್ಲಿ 96 ಗಂಟೆ ಸಾಯಲಿಲ್ಲ ಅಂದಮಾತ್ರಕ್ಕೆ ಕ್ಷೇಮ ಅಂತಲ್ಲ. ಇಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಯಿಲ್ಗಾರ್ನ್‌ನಲ್ಲಿ ಹಳೇ ನದಿಪಾತ್ರಗಳ ಉದ್ದಕ್ಕೂ ಸುಣ್ಣ ಗಟ್ಟಿಯಾಗಿ ಕ್ಯಾಲ್ಕ್ರೀಟ್ ಆಗಿದೆ, ತುಂಡು ತುಂಡಾಗಿ, ಮತ್ತು ಒಂದು ತುಂಡಿನ ಕುರುಡು ನೀರುಜೀರುಂಡೆ ಸಾಮಾನ್ಯವಾಗಿ ಪಕ್ಕದ ತುಂಡಿನಲ್ಲಿ ಸಿಗೋದೇ ಇಲ್ಲ. ಅಲ್ಲಿ ಸತ್ತರೆ ಆ ಜಾತಿಯೇ ಹೋದ ಹಾಗೆ.

ಇನ್ನೊಂದು ತಮಾಷೆ ಇದೆ. ಆಸ್ಟ್ರೇಲಿಯಾದ ಒಣ ನಡುನಾಡಿನಲ್ಲಿ ಯಾರೂ ಗೊಬ್ಬರ ಹಾಕದ ಕಡೆಯೂ ಅಂತರ್ಜಲದ ನೈಟ್ರೇಟ್ 45 ದಾಟುತ್ತೆ. ಗೆದ್ದಲ ಹುತ್ತ, ಮಣ್ಣಿನ ಮೇಲಿನ ಸೂಕ್ಷ್ಮಜೀವಿಗಳ ಪದರ ಕಾರಣ ಅಂತ 1992ರಲ್ಲೇ ಬರೆದಿದ್ದಾರೆ. ಅಲ್ಲಿ 9 ಅಂತ ಹಟ ಹಿಡಿದರೆ ಗೆದ್ದಲಿಗೇ ನೋಟಿಸ್ ಕೊಡಬೇಕು! ಅದಕ್ಕೇ ಒಂದೊಂದು ಜಾಗದ ಸಹಜ ಮಟ್ಟ ಮೊದಲು ಗೊತ್ತಿರಬೇಕು, ಮಿತಿ ಅದರ ಮೇಲೆ. ದೇಶಕ್ಕೆಲ್ಲ ಒಂದೇ ಸಂಖ್ಯೆ ಅಂದರೆ ನಾನಂತೂ ಒಪ್ಪಲ್ಲ.

ಹಾಸುಗಲ್ಲು:
ನಾನು ಚಿತ್ತಾಪುರದವ. ತೊಗರಿ ತನ್ನ ನೈಟ್ರೋಜನ್ನನ್ನು ಬಹುಪಾಲು ತಾನೇ ಗಾಳಿಯಿಂದ ಹಿಡಿದುಕೊಳ್ಳುತ್ತೆ. ಹಾಗಾಗಿ ಸುಮ್ನೆ ಯೂರಿಯಾ ಮೇಲೆ ಹಾಕಬೇಡಿ. ತಿಪ್ಪೆ, ಶೌಚದ ಗುಂಡಿ ಎಷ್ಟು ದೂರ ಇವೆ ನೋಡಿ. ಹತ್ತಿರ ಕಲ್ಲುಗಣಿ ಇದ್ದರೆ ಅದನ್ನೂ ನೋಡಿ, ಸಿಡಿಮದ್ದಿನಲ್ಲಿ ಅಮೋನಿಯಂ ನೈಟ್ರೇಟ್ ಇರುತ್ತೆ, ಪೂರ್ತಿ ಉರಿಯದೆ ಉಳಿದದ್ದು ನೀರಿಗೆ ಇಳಿಯುತ್ತೆ. ನಮ್ಮ ಕಲ್ಲಿನ ಬಿರುಕಲ್ಲಿ ನೀರು ಸೋಸಿಕೊಳ್ಳದೆ ನೇರ ಇಳಿಯೋದರಿಂದ ಬೇಸಿಗೆಯ ಸಂಖ್ಯೆ ಬೇರೆ, ಮಳೆ ಹಿಡಿದ ಮೇಲಿನ ಸಂಖ್ಯೆ ಬೇರೆ. ಎರಡೂ ಸಲ ಟೆಸ್ಟ್ ಮಾಡಿಸಿ.

ತೊಗರಿಹೊಲ:
ತಿಪ್ಪೆ ಬೋರಿನ ಮಗ್ಗುಲಲ್ಲೇ ಇದೆ ಮಾರಾಯ್ರೆ. ಸರಿ, ಜೀವಿಗಳು ಇವೆಯೋ ಇಲ್ಲವೋ ನೋಡೋದು ಹೇಗೆ?

ಪರ್ತ್‌ನವ:
ಹಳೇ ತೆರೆದ ಬಾವಿ ಇದ್ದರೆ ಸಣ್ಣ ಕಣ್ಣಿನ ಬಲೆಗೆ ಭಾರ ಕಟ್ಟಿ ತಳದ ತನಕ ಬಿಡಿ. ಮೇಲೆ ಕೆಳಗೆ ಆಡಿಸಿ ಎಳೆದುಕೊಳ್ಳಿ. ಒಂದು ಸಲಕ್ಕೆ ಸಿಗಲಿಲ್ಲ ಅಂತ ಬಿಡಬೇಡಿ, ಇಲ್ಲಿಯೂ ಮತ್ತೆ ಮತ್ತೆ ಹಾಕ್ತಾರೆ.