ಸಹಾಯ ಬೇಕು: ಐಗೂರಿನ ಕೃಷ್ಣಪ್ಪ ನಾಯಕನ ಬಗ್ಗೆ

ಎಲ್ಲರಿಗೂ ನಮಸ್ಕಾರ. ಸಕಲೇಶಪುರದ ಹತ್ತಿರದ ನಮ್ಮ ಹೈಸ್ಕೂಲಿನಲ್ಲಿ ಮಕ್ಕಳಿಂದ ಒಂದು ಚಿಕ್ಕ ನಾಟಕ ಆಡಿಸುತ್ತಿದ್ದೇವೆ. ವಿಷಯ, ಬಲಂ ಸೀಮೆಯ, ಅಂದರೆ ನಮ್ಮ ಸಕಲೇಶಪುರ ಸುತ್ತಿನ ನಾಡಿನ, ಪಾಳೆಯಗಾರ ಕೃಷ್ಣಪ್ಪ ನಾಯಕ. ಮಂಜರಾಬಾದ್ ಕೋಟೆಗೆ ಜನ ಸುಮ್ನೆ ಫೋಟೋ ತೆಗೆಸಿಕೊಳ್ಳೋಕೆ ಬರ್ತಾರೆ, ಈತನ ಹೆಸರು ಕೇಳಿದವರೇ ಕಡಿಮೆ.

1799ರಲ್ಲಿ ಟಿಪ್ಪು ಸತ್ತ ಮೇಲೂ ಈತ ಇಂಗ್ಲಿಷರಿಗೆ ತಲೆಬಾಗಲಿಲ್ಲ. ಮಂಗಳೂರಿಗೆ ಇಳಿಯುವ ಘಾಟಿ ದಾರಿ ಇವನ ಸೀಮೆಯಲ್ಲೇ ಹೋಗುತ್ತಿತ್ತು. ಅವರಿಗೆ ಅದೇ ದೊಡ್ಡ ತಲೆನೋವು. 1800ರಲ್ಲಿ ಒಮ್ಮೆ ದಂಡು ಬಂದರೂ ಈತ ಬಗ್ಗಲಿಲ್ಲ. 1802ರ ಜನವರಿಯಲ್ಲಿ ಇಂಗ್ಲಿಷರ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ತಾನೇ ಬಂದ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ್ದು ಇದೇ ಮನುಷ್ಯ! ನಾಯಕನ ಅರಕೆರೆಯ ಕಾಡುಕೋಟೆ ವೆಲ್ಲೆಸ್ಲಿಯ ಕೈಸೇರಿತು. ಫೆಬ್ರವರಿಯಲ್ಲಿ ನಾಯಕನನ್ನು ಹಿಡಿದು ಗಲ್ಲಿಗೇರಿಸಿದರು.

ಅರಕೆರೆ ಅಂದರೆ ಕಲ್ಲಿನ ಗೋಡೆಯ ಕೋಟೆ ಅಂದುಕೊಳ್ಳಬೇಡಿ. ದಟ್ಟ ಕಾಡೇ ಅದರ ಗೋಡೆ. ಒತ್ತಾಗಿ ಬೆಳೆದ ಬೇಲಿ, ಅದರ ಜೊತೆಗೆ ಕಂದಕ. ತೋಪಿನ ಗುಂಡು ಇಂಥ ಕಡೆ ಏನು ಮಾಡೀತು, ಅಲ್ವಾ? ರಂಗದ ಮೇಲೆ ಇದನ್ನು ಹೇಗೆ ತೋರಿಸೋದು ಅನ್ನೋದೇ ಈಗ ನಮ್ಮ ಚಿಂತೆ. ಬಿದಿರು, ಕಾಫಿ ಗಿಡದ ಕೊಂಬೆ ಸಾಕಾಗುತ್ತಾ?

ಐಗೂರು, ಬೇಲೂರು, ಮೂಡಿಗೆರೆ ಕಡೆಯವರು ದಯವಿಟ್ಟು ಹೇಳಿ. ನಿಮ್ಮ ಮನೆಯ ಹಿರಿಯರು ನಾಯಕನ ಬಗ್ಗೆ ಹೇಳುತ್ತಿದ್ದ ಕಥೆ, ಲಾವಣಿ ಇದ್ದರೆ ರೆಕಾರ್ಡ್ ಮಾಡಿ ಕಳಿಸ್ತೀರಾ? ಹಳೇ ಕಡತದ ಫೋಟೋ ಆದರೂ ಸರಿ. ಎರಡು ಸಾಲಿನ ಪದ ಸಿಕ್ಕಿದರೂ ಮಕ್ಕಳು ಹಾಡ್ತಾರೆ. ಇಲ್ಲೇ ಕಾಮೆಂಟಿನಲ್ಲಿ ಹಾಕಿ.